ರೈಟರ್ ಕೈಗೆ ಕೊಟ್ಟ ಬಾವುಟ

ನನಗೆ ಒಪ್ಪಿಸಿದ್ದು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅಲ್ಲವೇ ಅಲ್ಲ. ಭಾನುವಾರ ಬೆಳಿಗ್ಗೆ ಹುಡುಗಿಯರು ಫುಟ್‌ಬಾಲ್ ಆಡುವಾಗ ಗೆರೆಯ ಹೊರಗೆ ನಿಂತು ಕೂಗುವ ಅಪ್ಪ ಅಮ್ಮಂದಿರನ್ನು ಸುಮ್ಮನಿರಿಸುವುದು, ಅಷ್ಟೇ. ಈ ಬೇಡಿಕೆ ಹೊತ್ತು ಕೋಚ್ ಸಕಲೇಶಪುರದ ನನ್ನ ಮನೆಗೆ ಬಂದಾಗ ಕಾಫಿ ಲೋಟ ಕೊಡುತ್ತಲೇ ನಕ್ಕುಬಿಟ್ಟೆ. ದೋಣಿಗಲ್ ಕಡೆಯ ಹುಡುಗ ಅವನು. ಕಾಲೇಜಿನ ದಿನಗಳಲ್ಲಿ ಮಂಗಳೂರಿನಲ್ಲಿ ಆಡಿ, ಮಂಡಿ ಕೆಡಿಸಿಕೊಂಡು ಊರಿಗೆ ಮರಳಿ, ಸುತ್ತಲಿನ ಹಳ್ಳಿಗಳ ಹದಿಮೂರರೊಳಗಿನ ಹುಡುಗಿಯರದೊಂದು ತಂಡ ಕಟ್ಟಿದ್ದ.

"ಮಕ್ಕಳನ್ನ ನಾನು ನೋಡ್ಕೋತೀನಿ ಮಿಸ್. ಅವರ ಅಪ್ಪ ಅಮ್ಮನ್ನ ನೀವು ನೋಡ್ಕೊಳ್ಳಿ. ಅರ್ಧ ಜನ ನಿಮ್ಮ ಹತ್ರ ಓದಿದೋರು. ನಿಮ್ಮನ್ನ ಕಂಡ್ರೆ ಈಗ್ಲೂ ಎದ್ದು ನಿಂತ್ಕೋತಾರೆ."

"ಎದ್ದು ನಿಂತ್ಕೊಳ್ಳೋದು ಮುಖ್ಯ ಅಲ್ಲಪ್ಪ, ಸುಮ್ಮನಿರೋದು ಮುಖ್ಯ."

"ನಿಂತ್ಕೊಂಡೇ ಸುಮ್ನಿರ್ಲಿ ಬಿಡಿ ಮಿಸ್."

ಫುಟ್‌ಬಾಲ್ ನನಗೆ ಗೊತ್ತಿರಲಿಲ್ಲ. ಬೋರ್ಡಿಂಗ್‌ನಲ್ಲಿ ನಾವು ಆಡಿದ್ದು ನೆಟ್‌ಬಾಲ್. ಗೇಮ್ಸ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕೋರ್ಟಿನ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದರು. ಮನೆಯವರು ಬಂದು ಆಟ ನೋಡುವ ರೂಢಿಯೇ ಇರಲಿಲ್ಲ. ಕ್ಯಾನ್ವಾಸ್ ಶೂಗಳ ಸದ್ದು, ಚೆಂಡು ಅಂಗೈಗೆ ಬೀಳುವ ಸದ್ದು, ಮಹಡಿಯ ಮೇಲೆ ಯಾರೋ ಪಿಯಾನೋ ಪ್ರಾಕ್ಟೀಸ್ ಮಾಡುವ ಸದ್ದು, ಇಷ್ಟೇ. ಆಟವೆಂದರೆ ಒಂದು ಪ್ರೈವೇಟ್ ಸಂತೋಷ ಎಂದುಕೊಂಡೇ ಇಷ್ಟು ವಯಸ್ಸಾದವಳು ನಾನು. ಹೀಗಾಗಿ ಕೋಚ್ ಕೇಳಿದ್ದು ನ್ಯಾಯವೆನಿಸಿತು. ಸೈಲೆನ್ಸ್ ತಾನೇ, ಕ್ಲಾಸ್‌ರೂಮಿನಲ್ಲಿ ಬದುಕಿಡೀ ಅದನ್ನೇ ಕೇಳಿಕೊಂಡು ಬಂದಿದ್ದೆ.

ಮೈದಾನ ಇರುವುದು ಹೊಂಗಡಹಳ್ಳದ ರಸ್ತೆಯಲ್ಲಿ, ಒಂದು ಎಸ್ಟೇಟಿನವರು ಬಿಟ್ಟುಕೊಟ್ಟ ಸಮತಟ್ಟು ಜಾಗದಲ್ಲಿ. ಒಂದು ಬದಿಗೆ ಮಣ್ಣಿನ ದಿಬ್ಬ, ಇನ್ನೊಂದು ಬದಿಗೆ ಕಾಫಿ ಗಿಡಗಳ ಇಳಿಜಾರು. ಚೆಂಡು ಇಳಿಜಾರಿಗೆ ಉರುಳಿದರೆ ಆಟ ನಿಲ್ಲಿಸಿ ಎಲ್ಲರೂ ಗಿಡದ ಬುಡ ಬುಡ ಹುಡುಕಬೇಕು. ತಂದೆತಾಯಿಗಳು ನಿಲ್ಲುವುದು ದಿಬ್ಬದ ಬದಿಗೆ. ನನಗೂ ಅಲ್ಲೇ ಒಂದು ಬೆತ್ತದ ಕುರ್ಚಿ ಹಾಕಿಸಿದ್ದರು.

ಮೊದಲ ಭಾನುವಾರ ಸುಮ್ಮನೆ ಕೂತು ಕೇಳಿದೆ. ಗೋಲ್‌ಕೀಪರ್ ಹುಡುಗಿಯ ತಾಯಿ ನನ್ನ ಹಳೆಯ ಸ್ಟೂಡೆಂಟ್, ಈಗ ಕೆ. ಹೊಸಕೋಟೆಯಲ್ಲಿ ಅಂಗಡಿ ನಡೆಸುತ್ತಾಳೆ. ಅವಳ ಗಂಟಲು ಎಲ್ಲರಿಗಿಂತ ಮೊದಲು ಎದ್ದಿತು.

"ಗೋಲ್ ಬಿಟ್ಟು ಯಾಕೆ ಬಂದ್ಯೇ? ಹಿಂದಕ್ ಹೋಗು."

"ಈಗ ತಾನೇ ಮುಂದಕ್ ಬಾ ಅಂತ ಬಡ್ಕಂಡೆಯಲ್ಲ" ಎಂದ ಅವಳ ಗಂಡ.

"ಅದು ಆವಾಗ. ಇದು ಈವಾಗ. ನಿಂಗೊತ್ತಾಗಲ್ಲ, ಸುಮ್ಕಿರು ಮಾರಾಯ."

ಆದರೆ ನಿಜವಾದ ಗಂಟಲು ರೈಟರದ್ದು. ಪಕ್ಕದ ಎಸ್ಟೇಟಿನಲ್ಲಿ ಆಳುಗಳನ್ನು ನೋಡಿಕೊಳ್ಳುವವರು ಅವರು. ಹೆಸರಿಗೆ ರೈಟರ್, ಬರೆಯುವುದಕ್ಕಿಂತ ಕೂಗುವುದೇ ಹೆಚ್ಚು. ಹಣ್ಣು ಬಿಡಿಸುವ ಕಾಲದಲ್ಲಿ ಆಳಿಗೊಂದು ಸಾಲು ಹಂಚಿಕೊಟ್ಟು, ಯಾರೂ ತಮ್ಮ ಸಾಲು ಮುಗಿಸದೆ ಪಕ್ಕದ ಸಾಲಿಗೆ ಕೈಹಾಕದಂತೆ ಕಾಯಬೇಕು. ಇಲ್ಲದಿದ್ದರೆ ನಡುವೆ ಗಿಡಗಳು ಹಾಗೇ ಉಳಿದುಬಿಡುತ್ತವೆ. ಈ ಗುಡ್ಡದಿಂದ ಆ ಗುಡ್ಡಕ್ಕೆ ಮುಟ್ಟುವ ದನಿ ಅದು. ಅವರ ಒಬ್ಬಳೇ ಮಗಳು ತಂಡದಲ್ಲಿ ಎಡಬದಿಯ ಅಂಚಿಗೆ ಆಡುವವಳು.

"ಸಾಲ್ ಬುಡಬ್ಯಾಡ ಕಣವ್ವ. ನಿನ್ ಸಾಲಲ್ಲೇ ಹೋಗು. ಅತ್ಲಾಗ್ ನೋಡ್ಬ್ಯಾಡ."

ಹುಡುಗಿ ಚಿಗರೆಯ ಹಾಗೆ ಗೆರೆ ಹಿಡಿದು ಓಡಿದಳು. ಮೂಲೆಯ ತನಕ ಹೋದಳು. ಅಲ್ಲಿ ಎದುರಿನ ಇಬ್ಬರು ಸೇರಿ ಚೆಂಡು ಕಿತ್ತುಕೊಂಡರು. ಮತ್ತೊಮ್ಮೆ ಚೆಂಡು ಬಂತು. ಅಪ್ಪನ ಮುಖ ನೋಡಿದಳು, ಓಡಿದಳು, ಮೂಲೆಯಲ್ಲಿ ಕಳೆದುಕೊಂಡಳು. ಇದು ಸಾಲದೆಂದು ಉಳಿದ ಅಪ್ಪ ಅಮ್ಮಂದಿರೂ ರೈಟರ ಮಾತನ್ನೇ ಹಿಡಿದುಕೊಂಡಿದ್ದರು. ಅವರಲ್ಲೂ ಹೆಚ್ಚಿನವರು ತೋಟದ ಕೆಲಸ ಕಂಡವರೇ, ಮಾತು ಸರಿಯೆನಿಸಿರಬೇಕು. ಇಡೀ ತಂಡ ಹಣ್ಣು ಬಿಡಿಸುವವರ ಹಾಗೆ ಸಾಲಾಗಿ ಮುಂದೆ ಹೋಗಿ, ಸಾಲಾಗಿ ಹಿಂದೆ ಬರುತ್ತಿತ್ತು. ಫುಟ್‌ಬಾಲ್ ತಿಳಿಯದ ನನಗೂ ಅದು ವಿಚಿತ್ರವಾಗಿ ಕಂಡಿತು.

ಆಟ ಮುಗಿದ ಮೇಲೆ ಕೋಚ್ ನನ್ನ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ನೋಡಿದ್ರಲ್ಲ ಮಿಸ್. ಅವಳ ಕಾಲಲ್ಲಿ ಆಟ ಐತೆ. ಗೆರೆ ಬಿಟ್ಟು ಒಳಗೆ ತಿರುಗಿದ್ರೆ ಯಾರೂ ಹಿಡಿಯಕ್ಕಾಗಲ್ಲ. ಆದ್ರೆ ಚೆಂಡು ಬಂದ ಕೂಡ್ಲೆ ಅವರಪ್ಪನ ಕಡೆ ನೋಡ್ತಾಳೆ. ಹಾಸನದ ತಂಡ ಬರೋ ದಿನ ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಮಕ್ಕಳನ್ನ ಆರಿಸೋರೂ ಬರ್ತಾರೆ. ತಗೊಂಡ್ರೆ ಓದು, ಊಟ, ಕೋಚಿಂಗ್ ಎಲ್ಲ ಅಲ್ಲೇ. ಅಪ್ಪನ್ನ ಕೇಳ್ಕೊಂಡು ಆಡೋಳ್ನ ತಗೊಳಲ್ಲ ಅವರು."

ಹಾಗಾದರೆ ನನ್ನ ಕೆಲಸ ಒಬ್ಬ ಅಪ್ಪನದು, ಒಬ್ಬ ಮಗಳದು ಎಂದು ಅಂದುಕೊಂಡೆ. ಹಾಸನದವರು ಬರಲು ಕೆಲವೇ ವಾರಗಳಿದ್ದವು.

ಮುಂದಿನ ಭಾನುವಾರ ಎಲ್ಲರನ್ನೂ ಕೂರಿಸಿ, ಹಳೆಯ ಅಸೆಂಬ್ಲಿ ದನಿಯಲ್ಲಿ, ಸೈಡ್‌ಲೈನ್ ಬಿಹೇವಿಯರ್ ಎಂದರೇನು ಎಂದು ಹೇಳಿದೆ. ಚಪ್ಪಾಳೆ ತಟ್ಟಬಹುದು, ಇನ್‌ಸ್ಟ್ರಕ್ಷನ್ಸ್ ಕೊಡಬಾರದು. ಎಲ್ಲರೂ ತಲೆದೂಗಿದರು. ರೈಟರ್ ಎಲ್ಲರಿಗಿಂತ ಹೆಚ್ಚು ತಲೆದೂಗಿದರು. ಆಟ ಶುರುವಾಗಿ ಚಹಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ, ಮತ್ತೆ ಅದೇ ಗದ್ದಲ.

ಆಮೇಲೆ ಹಗ್ಗ. ಗೆರೆಯಿಂದ ಸಾಕಷ್ಟು ದೂರಕ್ಕೆ, ದಿಬ್ಬದ ಮೇಲೆ ನೈಲಾನ್ ಹಗ್ಗ ಕಟ್ಟಿಸಿ ಎಲ್ಲರನ್ನೂ ಅದರ ಹಿಂದೆ ನಿಲ್ಲಿಸಿದೆ. ಮಕ್ಕಳು ದೂರವಾದರೆಂದು ಅವರು ಇನ್ನಷ್ಟು ಜೋರಾಗಿ ಕೂಗಿದರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಗೋಲ್‌ಕೀಪರ್ ತಾಯಿ ಹಗ್ಗಕ್ಕೆ ಒರಗಿ ಒರಗಿ ಅದೂ ಜೋತುಬಿತ್ತು.

ಕೊನೆಗೆ ಪೂರ್ತಿ ಸೈಲೆಂಟ್ ಮ್ಯಾಚ್ ಒಂದನ್ನು ಮಾಡಿಸಿದೆ. ಚಪ್ಪಾಳೆಯೂ ಇಲ್ಲ, ಕೆಮ್ಮಿದರೂ ಹೊರಗೆ ಎಂದು ಗದರಿಸಿದ್ದೆ. ನಂಬಿದರೆ ನಂಬಿ, ಅವತ್ತು ಅವರು ಮಾತು ಉಳಿಸಿಕೊಂಡರು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು, ಗಾಳಿ ತುಂಬ ಕಾಫಿ ಹೂವಿನ ವಾಸನೆ. ಬೂಟುಗಳ ಸದ್ದು, ಚೆಂಡಿನ ಸದ್ದು. ಒಂದು ಕ್ಷಣ ನಾನು ಬೋರ್ಡಿಂಗಿನ ಕೋರ್ಟಿನ ಪಕ್ಕದಲ್ಲೇ ಇದ್ದೆ. ಹೌ ಲವ್ಲಿ, ಅಂದುಕೊಂಡೆ.

ಆದರೆ ಮಕ್ಕಳೂ ಸುಮ್ಮನಾಗಿಬಿಟ್ಟಿದ್ದರು. ಚೆಂಡು ಇಬ್ಬರ ನಡುವೆ ಉರುಳಿ ಬಂದರೆ ಒಬ್ಬಳೂ "ನಂದು" ಎನ್ನಲಿಲ್ಲ. ಇಬ್ಬರೂ ನಿಂತು ನೋಡಿದರು, ಚೆಂಡು ತನ್ನ ಪಾಡಿಗೆ ಆಚೆ ಹೋಯಿತು. ಕೋಚ್ ಓಡಿಬಂದು, "ಮಕ್ಕಳಿಗೆ ಯಾರು ಮಾತಾಡ್ಬೇಡಿ ಅಂದಿದ್ದು?" ಎಂದು ಕೇಳಿದ. ಯಾರೂ ಅಂದಿರಲಿಲ್ಲ. ರೈಟರ ಮಗಳಿಗೆ ಚೆಂಡು ಸಿಕ್ಕಾಗ ಅವಳು ಎಂದಿನಂತೆ ದಿಬ್ಬದ ಕಡೆ ತಿರುಗಿದಳು. ರೈಟರ್ ತುಟಿ ಬಿಗಿದು ನಿಂತಿದ್ದರು. ಆದರೆ ಅವರ ಹೆಗಲ ಮೇಲಿನ ಟವೆಲು ಕೈಗೆ ಬಂದಿತ್ತು, ಅದು ಮುಂದಕ್ಕೆ ಮುಂದಕ್ಕೆ ಬೀಸುತ್ತಿತ್ತು. ಹುಡುಗಿ ಗೆರೆ ಹಿಡಿದು ಓಡಿದಳು.

ಮುಗಿದ ಮೇಲೆ ಕರೆದು ಕೇಳಿದೆ. ರೈಟರ್ ನೊಂದುಕೊಂಡರು. "ನಾನೇನೂ ಅನ್ನಲಿಲ್ವಲ್ಲ ಮಿಸ್."

"ನಿಮ್ಮ ಟವೆಲ್ ಎಲ್ಲ ಹೇಳ್ತಾ ಇತ್ತು."

ಅವರು ಟವೆಲು ಮಡಿಸಿ ಜೇಬಿಗೆ ತುರುಕಿದರು. "ಬೇಕೂಂತ ಮಾಡಿದ್ದಲ್ಲ. ಅವ್ಳು ಒಬ್ಳೇ ಅಲ್ಲಿ ಒದ್ದಾಡ್ತಿದ್ರೆ ಕೈ ಸುಮ್ಕಿರಲ್ಲ ಕಣ್ರೀ. ನಾನ್ ಹೇಳ್ದೇ ಇದ್ರೆ ಅವ್ಳಿಗೆ ಯಾರ್ ಹೇಳ್ತಾರೆ?"

ಅವತ್ತು ಮನೆಗೆ ಹೋಗುವಾಗ ನನಗೆ ನಾನು ಮಾಡುತ್ತಿರುವ ಕೆಲಸವೇ ಗೊಂದಲವಾಗಿತ್ತು. ಗದ್ದಲವಿದ್ದರೆ ಮಕ್ಕಳು ಆಡುವುದಿಲ್ಲ, ಗದ್ದಲವಿಲ್ಲದಿದ್ದರೂ ಆಡುವುದಿಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು?

ಅದರ ಮುಂದಿನ ಭಾನುವಾರ ಆಟವೇ ಇಲ್ಲ. ಹೊಸಕೋಟೆ ಕಡೆ ಆನೆ ಗುಂಪು ಬಂದಿದೆ ಎಂದು ಬೆಳಿಗ್ಗೆಯೇ ಮೆಸೇಜ್ ಬಂತು, ಅತ್ತಲಿನ ಮಕ್ಕಳು ಹೊರಡಲಿಲ್ಲ. ಮನೆಯಲ್ಲಿ ಕೂತು, ಕೋಚ್ ಕೊಟ್ಟಿದ್ದ ಆಟದ ನಿಯಮಗಳ ಪುಸ್ತಕ ತಿರುವಿದೆ. ಮಕ್ಕಳ ಪಂದ್ಯಗಳಲ್ಲಿ ಗೆರೆ ಕಾಯುವ ಲೈನ್ಸ್‌ಮನ್ ಕೆಲಸಕ್ಕೆ ಎರಡೂ ತಂಡದವರು ಒಬ್ಬೊಬ್ಬ ದೊಡ್ಡವರನ್ನು ಕೊಡುವುದುಂಟು. ಅವರ ಕೈಗೊಂದು ಬಾವುಟ. ಚೆಂಡು ಪಕ್ಕದ ಗೆರೆ ದಾಟಿದರೆ ಎತ್ತಬೇಕು, ಅಷ್ಟೇ ಕೆಲಸ. ಬಾವುಟ ಹಿಡಿದವರು ಯಾವ ಆಟಗಾರರಿಗೂ ಸಲಹೆ ಕೊಡಬಾರದು. ಆ ಸಾಲನ್ನು ಎರಡು ಸಲ ಓದಿದೆ.

ಕೋಚ್‌ಗೆ ಫೋನ್ ಮಾಡಿ, ಹಾಸನದವರು ಬರುವ ದಿನ ನಮ್ಮ ಕಡೆಯ ಬಾವುಟ ರೈಟರಿಗೆ ಕೊಡೋಣ ಎಂದೆ.

"ಬೇಡ ಮಿಸ್. ಮಗಳ ಕಡೆ ವಾಲ್ತಾರೆ. ಹಾಸನದೋರು ಗಲಾಟೆ ತೆಗೀತಾರೆ."

"ವಾಲಲ್ಲ" ಎಂದೆ. ಅವರ ಎಸ್ಟೇಟಿನಲ್ಲಿ ಸಂಜೆಯ ತೂಕ ನಡೆಯುವುದನ್ನು ಒಮ್ಮೆ ನೋಡಿದ್ದೆ. ದಿನವಿಡೀ ಕೂಗುವ ಮನುಷ್ಯ ತಕ್ಕಡಿಯ ಮುಂದೆ ಉಸಿರೆತ್ತುತ್ತಿರಲಿಲ್ಲ. ಹಣ್ಣಿನ ಮೂಟೆ ತಂದವರು ನೆಂಟರೋ ಆಗದವರೋ ನೋಡದೆ ಮುಳ್ಳಿನ ಮೇಲೆಯೇ ಕಣ್ಣಿಟ್ಟಿರುತ್ತಿದ್ದರು. ಅಂಥ ಕಣ್ಣಿಗೆ ಒಂದು ಕೆಲಸ ಕೊಟ್ಟರೆ ಬಾಯಿ, ಕೈ ಎರಡೂ ತಾವಾಗಿಯೇ ಸುಮ್ಮನಾಗುತ್ತವೆ ಎಂಬುದು ನನ್ನ ಲೆಕ್ಕ. ಕೋಚ್ ಒಲ್ಲದ ಮನಸ್ಸಿನಿಂದ ಒಪ್ಪಿದ.

ಅಭ್ಯಾಸ ನಡೆದದ್ದು ಎಸ್ಟೇಟ್ ಸ್ಟೋರ್ ಮುಂದಿನ ಸಿಮೆಂಟಿನ ಕಣದಲ್ಲಿ. ಕಾಫಿ ಒಣಗಿಸಿ ಮುಗಿದು ಕಣ ಖಾಲಿಯಿತ್ತು. ಉದ್ದಕ್ಕೆ ಸುಣ್ಣದ ಗೆರೆ ಎಳೆದೆವು. ನಾನು ಚೆಂಡು ಉರುಳಿಸುವುದು, ಮಗಳು ಹೆಕ್ಕಿ ತರುವುದು, ರೈಟರ್ ಗೆರೆಯ ಮೇಲೇ ಅಡ್ಡಡ್ಡ ಹೆಜ್ಜೆಯಿಟ್ಟು ಓಡಿ ಬಾವುಟ ಎತ್ತುವುದು. ಚೆಂಡು ಪೂರ್ತಿ ದಾಟಿರಬೇಕು, ಗೆರೆಯ ಮೇಲೆ ನೂಲಿನಷ್ಟು ಉಳಿದರೂ ಒಳಗೇ ಲೆಕ್ಕ, ಬಾವುಟ ಕೈಯಲ್ಲಿರುವಾಗ ಆಟಗಾರರೊಡನೆ ಮಾತೂ ಕೂಡದು ಎಂದು ವಿವರಿಸಿದೆ.

"ಗಾಳೀಲಿದ್ರೆ ಮಿಸ್?"

"ಗಾಳಿಯಲ್ಲೂ ಅಷ್ಟೇ."

"ಅನುಮಾನ ಬಂದ್ರೆ?"

"ಅನುಮಾನ ಬಂದರೆ ಎತ್ತಬಾರದು."

ರೈಟರ್ ಅದನ್ನು ಬಾಯಲ್ಲೇ ಒಂದೆರಡು ಸಲ ಹೇಳಿಕೊಂಡರು. ಮಗಳು ಚೆಂಡು ಎದೆಗವುಚಿ ನಗುತ್ತಿದ್ದಳು. "ಅಪ್ಪಯ್ಯ, ಓಡೋದು ನೋಡು, ಏಡಿ ಹಂಗೆ" ಎಂದಳು. "ನೀನ್ ಸುಮ್ಕೆ ಚೆಂಡ್ ತಗಂಬಾ" ಎಂದರು ಅವರೂ ನಗುತ್ತ.

ಹಾಸನದವರು ಒಂದು ಮಿನಿ ಬಸ್ಸಿನಲ್ಲಿ ಬಂದಿಳಿದರು. ಹಾಸ್ಟೆಲ್‌ಗೆ ಆರಿಸುವವರು ಇಬ್ಬರು, ಒಬ್ಬಾಕೆ, ಒಬ್ಬಾತ. ನನ್ನ ಹಿಂದೆಯೇ ದಿಬ್ಬದ ಮೇಲೆ ಕೂತರು. ರೈಟರ್ ಇಸ್ತ್ರಿ ಅಂಗಿ ತೊಟ್ಟು, ಟವೆಲು ಮನೆಯಲ್ಲೇ ಬಿಟ್ಟು ಬಂದಿದ್ದರು. ದಿಬ್ಬದ ಬದಿಯ ಗೆರೆ ಅವರದು.

ಮೊದಲರ್ಧದಲ್ಲಿ ಹುಡುಗಿ ಆ ಬದಿಗೆ, ಕಾಫಿ ಇಳಿಜಾರಿನ ಪಕ್ಕ. ಚೆಂಡು ಬಂದೊಡನೆ ದಿಬ್ಬದ ಕಡೆ ನೋಡಿದಳು. ಅಪ್ಪ ನಿಲ್ಲುವ ಜಾಗದಲ್ಲಿ ಅಪ್ಪ ಇಲ್ಲ. ಗೆರೆಯ ಮೇಲೆ ಓಡುತ್ತಿದ್ದ ಮನುಷ್ಯ ಅವಳನ್ನು ನೋಡುತ್ತಲೇ ಇಲ್ಲ. ಅವಳು ಚೆಂಡಿನ ಮೇಲೆ ಕಾಲಿಟ್ಟು ಸುಮ್ಮನೆ ನಿಂತಳು. ಎದುರಿನವಳು ಬಂದು ಎತ್ತಿಕೊಂಡು ಹೋದಂತೆ ಚೆಂಡು ಒಯ್ದಳು. ಮತ್ತೆ ಮತ್ತೆ ಹೀಗೇ ಆಯಿತು, ಹಾಸನದವರು ಒಂದು ಗೋಲು ಹೊಡೆದರು. ಹಿಂದೆ ಕೂತವರು ಬೇರೇನೋ ಮಾತಾಡತೊಡಗಿದ್ದು ನನ್ನ ಕಿವಿಗೆ ಬಿತ್ತು.

ವಿರಾಮದಲ್ಲಿ ಕೋಚ್ ನನ್ನತ್ತ ನೋಡಲೂ ಇಲ್ಲ. "ಇದ್ದ ಆಟಾನೂ ಹೋಯ್ತು ಮಿಸ್" ಎಂದಷ್ಟೇ ಅಂದ. ಬಾವುಟ ವಾಪಸ್ ತೆಗೆದುಕೊಳ್ಳಲೇ, ಹೋಗಿ ನಿಮ್ಮ ಮಗಳಿಗೆ ಏನಾದರೂ ಕೂಗಿ ಹೇಳಿ ಎನ್ನಲೇ ಎಂದು ನಾನು ಅರ್ಧ ಎದ್ದೆ. ರೈಟರ್ ಗೆರೆಯ ಪಕ್ಕ ಅಲುಗಾಡದೆ ನಿಂತಿದ್ದರು, ನೀರು ಕೂಡ ಕುಡಿದಿರಲಿಲ್ಲ. ಮತ್ತೆ ಕೂತೆ.

ಎರಡನೆಯ ಅರ್ಧಕ್ಕೆ ತಂಡಗಳು ಬದಿ ಬದಲಿಸಿದ್ದರಿಂದ ಹುಡುಗಿ ನಮ್ಮ ಕಡೆಗೆ ಬಂದಳು, ಅಪ್ಪ ಕಾಯುವ ಗೆರೆಗೆ. ಈಗ ಇಬ್ಬರೂ ಅಕ್ಕಪಕ್ಕದಲ್ಲೇ ಓಡುತ್ತಿದ್ದರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಉದ್ದನೆಯದೊಂದು ಚೆಂಡು ಬಂತು. ಗೆರೆಯ ಹತ್ತಿರ ಹೊರಗೆ ಜಾರುತ್ತಿದ್ದದ್ದನ್ನು ಹುಡುಗಿ ಕಾಲು ಚಾಚಿ ಎಳೆದುಕೊಂಡು, ಎದುರಿನವಳನ್ನು ದಾಟಿ ನಡುವಿಗೆ ಒದ್ದಳು. ನಮ್ಮವಳೊಬ್ಬಳು ಗೋಲಿಗೆ ತಳ್ಳಿದಳು. ದಿಬ್ಬವೆಲ್ಲ ಎದ್ದು ಕುಣಿಯಿತು.

ರೈಟರ ಬಾವುಟ ಮೇಲಿತ್ತು.

ರೆಫರಿ ಅದನ್ನು ನೋಡಿ ಗೋಲು ಇಲ್ಲವೆಂದರು. ದಿಬ್ಬದ ಮೇಲೆ ನನ್ನ ಇಷ್ಟು ವಾರಗಳ ಡಿಸಿಪ್ಲಿನ್ ಪೂರ್ತಿ ಮಣ್ಣುಪಾಲಾಯಿತು. "ಏನ್ ರೈಟ್ರೇ, ಸ್ವಂತ ಮಗಳ ಗೋಲನ್ನೇ ತಿಂದ್ಬುಟ್ರಲ್ಲ" ಎಂದು ಗೋಲ್‌ಕೀಪರ್ ತಾಯಿ ಕೂಗಿದಳು. "ಹಾಸನದೋರ ಊಟ ಉಂಡವ್ರೆ ಕಣ್ರೋ" ಎಂದ ಇನ್ಯಾರೋ.

ಹುಡುಗಿ ಅಪ್ಪನ ಎದುರಿಗೆ ಬಂದು ನಿಂತಳು. "ಗೆರೆ ಮೇಲಿತ್ತು ಅಪ್ಪಯ್ಯ."

ರೈಟರ್ ಮಾತಾಡಲಿಲ್ಲ. ಬಾವುಟ ಹಿಡಿದವರು ಆಟಗಾರರೊಂದಿಗೆ ಮಾತಾಡಬಾರದು, ಹಾಗೆಂದು ಕಲಿಸಿದವಳು ನಾನೇ. ಹಾಸನದವರ ಥ್ರೋ ಎಂದು ಬಾವುಟ ಚಾಚಿ ತೋರಿಸುತ್ತ ನಿಂತರು. ಹುಡುಗಿ ತುಸು ಹೊತ್ತು ಕಾದಳು. ಆಮೇಲೆ ಬೆನ್ನು ತಿರುಗಿಸಿ ಹೋದಳು.

ಮತ್ತೆ ಅವಳಿಗೆ ಚೆಂಡು ಸಿಕ್ಕಾಗ ಅವಳು ದಿಬ್ಬ ನೋಡಲಿಲ್ಲ, ಗೆರೆ ನೋಡಲಿಲ್ಲ. ಅಪ್ಪನಿಂದ ದೂರಕ್ಕೆ, ಸೀದಾ ಒಳಕ್ಕೆ ತಿರುಗಿದಳು. ಒಬ್ಬಳನ್ನು ದಾಟಿದಳು, ತಡೆಯಲು ಬಂದ ಇನ್ನೊಬ್ಬಳು ಜಾರಿಬಿದ್ದಳು. ಅವಳು ಒದ್ದದ್ದನ್ನು ಹಾಸನದ ಗೋಲ್‌ಕೀಪರ್ ಹೇಗೋ ಬೆರಳ ತುದಿಯಲ್ಲಿ ತಡೆದಳು. ಆದರೆ ನನ್ನ ಹಿಂದೆ ಕೂತಿದ್ದವರಿಬ್ಬರೂ ಎದ್ದು ನಿಂತಿದ್ದರು. ಆಮೇಲೆ ಚೆಂಡು ಸಿಕ್ಕಾಗಲೆಲ್ಲ ಅವಳು ಹಾಗೇ ಆಡಿದಳು. ನಾವು ಒಂದು ಗೋಲಿನಿಂದ ಸೋತೆವು.

"ಗೆರೆ ಬಿಟ್ಟು ಒಳಗೆ ಬಂದ್ಲಲ್ಲ, ಅಷ್ಟು ಸಾಕು ನಮಗೆ" ಎಂದರು ಆರಿಸಲು ಬಂದಾಕೆ. "ಜೂನ್‌ಗೆ ಕಳಿಸಿಕೊಡಿ." ಕೋಚ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ನೀವ್ ಹೇಳಿದ್ದು ಸರಿ ಮಿಸ್, ಬಾವುಟ ಕೆಲಸ ಮಾಡ್ತು."

ನನಗೆ ಹಾಗೆನಿಸಲಿಲ್ಲ. ಅಪ್ಪನ ಮಾತಿನಿಂದ ಬಿಡುಗಡೆಯಾಗಿ ಒಳಕ್ಕೆ ತಿರುಗಿದಳೋ, ಅಪ್ಪನ ಮೇಲಿನ ಸಿಟ್ಟಿಗೆ ಅವರಿಂದ ದೂರ ಓಡಿದಳೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆನೆಸ್ಟ್ಲಿ, ಇವತ್ತಿಗೂ ನನಗೆ ತಿಳಿಯದು.

ರೈಟರ್ ಬಾವುಟ ಸುತ್ತಿ ತಂದು ನನ್ನ ಕುರ್ಚಿಯ ಕೈಗೆ ಒರಗಿಸಿಟ್ಟರು. ಏನೋ ಕೇಳುವವರಂತೆ ನಿಂತರು. ಕೇಳಲಿಲ್ಲ. ಹೋಗಿ, ಬಾವುಟ ಎತ್ತಿದ ಜಾಗದಲ್ಲೇ ಬಗ್ಗಿ ಸುಣ್ಣದ ಗೆರೆಯನ್ನು ನೋಡತೊಡಗಿದರು. ಅಲ್ಲಿ ಎಲ್ಲರ ಬೂಟುಗಳೂ ಓಡಾಡಿ ಗೆರೆಯೇ ಉಳಿದಿರಲಿಲ್ಲ. ಆಮೇಲೆ ಬೈಕಿನ ಹತ್ತಿರ ಹೋಗಿ ಮಗಳಿಗಾಗಿ ಕಾದರು.

ಮಗಳು ಬರಲೊಲ್ಲಳು. ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದಳು.

"ಹಾಸ್ಟೆಲ್‌ಗೆ ಹೋಗ್ತೀನಿ ಮಿಸ್. ಅಪ್ಪಯ್ಯ ಅಲ್ಲಿಗೆ ಆಟ ನೋಡಕ್ಕೆ ಬರಬಾರ್ದು. ನೀವೇ ಹೇಳ್ಬುಡಿ."

"ಅದನ್ನ ನಾನು ಹೇಗೆ ಹೇಳ್ಲಿ?"

"ನೀವು ನೋಡಿದ್ರಲ್ಲ, ಇಲ್ಲೇ ಕೂತಿದ್ರಿ. ಚೆಂಡು ಆಚೆ ಹೋಗಿತ್ತಾ?"

ನಿಜ ಹೇಳಿದೆ. "ಚೆಂಡು ನೋಡಲಿಲ್ಲ ಕಣೇ. ನಾನು ನಿಮ್ಮಪ್ಪನ ಮುಖ ನೋಡ್ತಾ ಇದ್ದೆ."

ಅವಳ ಕೈ ನಿಂತಿತು. "ಹೆಂಗಿತ್ತು?"

ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹುಡುಕಿದೆ. ಬಾವುಟ ಎತ್ತುವ ಮೊದಲು ಅವರ ಕಣ್ಣು ಚೆಂಡು ಬಿಟ್ಟು ಒಮ್ಮೆ ದಿಬ್ಬದ ಕಡೆ, ಒಮ್ಮೆ ಹಾಸನದವರ ಕಡೆ ಹೊರಳಿದ್ದನ್ನು ಕಂಡಿದ್ದೆ. ಕೈ ಮೇಲೇಳುವುದಕ್ಕೆ ತುಸು ತಡವಾಗಿತ್ತು.

"ಹೆದರಿದ್ರು" ಎಂದೆ.

ಹುಡುಗಿ ಬೈಕಿನ ಕಡೆ ನೋಡಿದಳು. ಅಲ್ಲಿ ರೈಟರ್ ಯಾರನ್ನೋ ತಡೆದು ಏನೋ ಕೇಳುತ್ತಿದ್ದರು, ಆ ಮನುಷ್ಯ ಕೈಯಾಡಿಸಿ ಹೋದ.

"ಹಂಗಾದ್ರೆ ಒಳಗೇ ಇತ್ತು" ಎಂದಳು ಮೆಲ್ಲಗೆ. "ಮಗಳ ಕಡೆ ಮಾಡ್ದ ಅಂತಾರೆ ಅಂತ ಎತ್ಬುಟ್ಟ."

"ನನಗೆ ಗೊತ್ತಿಲ್ಲಮ್ಮ."

"ಚೆಂಡು ಆಚೆ ಹೋಗಿತ್ತಾ ಅಂತ ಎಲ್ರುನೂ ಕೇಳ್ತಾವ್ನೆ ನೋಡಿ, ಆಟ ಮುಗ್ದಾಗಿಂದ."

ದಾರ ಬಿಗಿದು ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು. ಬೈಕಿನ ಹಿಂದೆ ಹತ್ತುವ ಮೊದಲು ಅವಳು ಅಂದದ್ದು ನನ್ನ ತನಕ ಸ್ಪಷ್ಟವಾಗಿ ಕೇಳಿಸಿತು. ದನಿ ಥೇಟ್ ಅಪ್ಪನದೇ.

"ಆಚೆ ಹೋಗಿತ್ತಂತೆ ಕಣಪ್ಪಯ್ಯ. ಮಿಸ್ ನೋಡಿದ್ರಂತೆ."

ರೈಟರ್ ತಿರುಗಿ ಅಷ್ಟು ದೂರದಿಂದ ನನ್ನನ್ನು ನೋಡಿದರು. ಅವಳೂ ನೋಡಿದಳು. ಬದುಕಿನುದ್ದಕ್ಕೂ ಮಕ್ಕಳ ಸುಳ್ಳನ್ನು ನಿಂತಲ್ಲೇ ಹಿಡಿದು ನಿಲ್ಲಿಸಿದವಳು ನಾನು.

ಹೌದೆಂದು ತಲೆಯಾಡಿಸಿದೆ.